ಹಗ್ಗದ ಈಚೆ

ಸೆರಾಫೀನ್ ದ್ವೀಪ ಒಂದೇ ರಾತ್ರಿಗೆ ಮುಳುಗಿದ್ದಲ್ಲ.
ಹೆಸರಿಟ್ಟುಕೊಂಡೇ ಬಂದವು ಬಿರುಗಾಳಿಗಳು,
ಒಂದೊಂದೂ ಒಂದೊಂದು ತುತ್ತು ಕಚ್ಚಿ ಹೋದವು.
ಉಳಿದದ್ದೆಷ್ಟು ಎಂದು ಕೇಳಿದರೆ ಎವಾರಿಸ್ಟ್
ನಕಾಶೆ ಬಿಡಿಸಿ, ಟೋಪಿಯಿಟ್ಟು ಮುಚ್ಚಿಬಿಡುತ್ತಿದ್ದ:
"ಇಷ್ಟು. ಅಂಚು ಕೂಡ ಕಾಣಲ್ಲ, ನೋಡು."

ಅವನಪ್ಪ ಸಿಗಡಿ ಒಣಹಾಕುತ್ತಿದ್ದ ಅಟ್ಟಣೆಯ ಕಂಬಗಳು
ಈಗಲೂ ಇವೆ, ಕೊಲ್ಲಿಯ ನಡುನೀರಲ್ಲಿ,
ಕಂಬಕ್ಕೊಂದು ಪೆಲಿಕನ್, ಬಾಡಿಗೆಯಿಲ್ಲದೆ.
ಮನೆಯಿದ್ದ ಕಡೆ ಎದೆಮಟ್ಟ ನೀರು.
ದೋಣಿ ಅಲ್ಲಿಗೆ ಬಂದಾಗ ಎಂಜಿನ್ ಆರಿಸುತ್ತಿದ್ದ,
ಬಲೆ ಸರಿಮಾಡುವ ನೆಪ ಹೇಳಿ.

ಆಮೇಲೆ ಪೈಪು ಬಂತು.
ಎಲ್ಲೆಲ್ಲಿಯದೋ ಹೊಲ ತೊಳೆದುಕೊಂಡು ಬಂದ ಮಿಸಿಸಿಪ್ಪಿ
ತಳದಲ್ಲಿ ಬಿಟ್ಟುಹೋದದ್ದನ್ನು ಹೀರಿ ತಂದು
ಎರಡು ಚಳಿಗಾಲ, ಹಗಲಿರುಳು, ಕೆಮ್ಮಿ ಕೆಮ್ಮಿ ಸುರಿಯಿತು.
ಮರಳು ಮರಳಿತು ಎಂದು ಬರೆಯುವುದು ಸುಲಭ.
ಎವಾರಿಸ್ಟ್ ಒಂದು ಹಿಡಿ ಎತ್ತಿ ಮೂಸಿ ನೋಡಿದ:
"ಇದು ನಮ್ಮದಲ್ಲ. ಇದಕ್ಕೆ ಉಪ್ಪು ಹೊಸದು."

ಫೆಬ್ರವರಿಯ ಶನಿವಾರಗಳಲ್ಲಿ ಹುಲ್ಲು ನೆಟ್ಟರು.
ಶಾಲೆ ಮಕ್ಕಳು, ರಿಫೈನರಿಯ ಪಾಳಿ ಮುಗಿಸಿದವರು,
ಐಸ್ ಕಾರ್ಖಾನೆ ಬೀದಿಯ ವಿಯೆಟ್ನಾಮಿ ಹೆಂಗಸರು.
ಮೊಳಕ್ಕೊಂದು ಗುಳಿ, ಗುಳಿಗೆ ಮೂರು ಕಡ್ಡಿ.
"ಇದು ಬದುಕುತ್ತಾ?" ಎಂದ ಹುಡುಗನಿಗೆ
ಹಿಮ್ಮಡಿಯಿಂದ ಬುಡ ಒತ್ತುತ್ತ ಥುಯೆತ್ ಅಂದಳು:
"ನಮ್ಮನ್ನೂ ಹೀಗೇ ತಂದು ಇಟ್ಟಿದ್ದರು."

ಏಪ್ರಿಲ್‌ನಲ್ಲಿ ರೀವ ಹಕ್ಕಿಗಳು ಬಂದವು.
ಯಾರೂ ಕರೆಯಲಿಲ್ಲ.
ಗೂಡೆಂದರೆ ಎದೆಯೊತ್ತಿ ತಿರುಗಿಸಿದ ಒಂದು ಕುಳಿ,
ಮೊಟ್ಟೆಯೆಂದರೆ ಚುಕ್ಕೆ ಬಿದ್ದ ಮರಳು.
ಕಾಲಿಟ್ಟ ಮೇಲೆಯೇ ಗೊತ್ತಾಗುವಂಥದ್ದು.

ಅದಕ್ಕೇ ಹಗ್ಗ. ಹಳದಿ, ಸೊಂಟದೆತ್ತರ.
ಅದಕ್ಕೇ ಎವಾರಿಸ್ಟ್, ವಾರಾಂತ್ಯದ ಕಾವಲಿಗೆ,
ಎದೆಗೊಂದು ಬಿಲ್ಲೆ, ದಿನಕ್ಕೆ ಎರಡು ದೋಣಿ ಜನ.
ಗಾಳ, ಛತ್ರಿ, ಪೆಟ್ಟಿಗೆ ತುಂಬ ಐಸು, ಒಂದು ನಾಯಿ.
"ನಾಯಿಯನ್ನು ದೋಣಿಯಲ್ಲೇ ಬಿಡಿ."
"ನನ್ನ ತೆರಿಗೆ ದುಡ್ಡಿನ ಮರಳಯ್ಯ ಇದು!"
"ಹೌದು ಸ್ವಾಮಿ. ಆ ಕಡೆಯದೂ ನಿಮ್ಮದೇ.
ಆಗಸ್ಟ್ ತನಕ ಬಾಡಿಗೆಗೆ ಕೊಟ್ಟಿದೀರಿ."

ಆ ಮಾತು ಅವನು ಎಷ್ಟು ಸಲ ಹೇಳಿದ್ದನೋ,
ನಗು ಬಾರದಷ್ಟು ಸಲ.
ಯಾರಿಗೂ ಹೇಳದ್ದು ಒಂದಿತ್ತು:
ಸರ್ವೆಯ ಹುಡುಗಿ ಒಮ್ಮೆ ಯಂತ್ರ ಹಿಡಿದು ನೋಡಿ
ಅವನ ಮನೆಯಿದ್ದ ಜಾಗ ಹುಡುಕಿಕೊಟ್ಟಿದ್ದಳು.
ಹಗ್ಗದಿಂದ ಮೂವತ್ತು ಹೆಜ್ಜೆ. ಆಚೆಗೆ.
ಇಡೀ ಬೇಸಿಗೆ ಕಂಬಕ್ಕೊರಗಿ ನಿಂತ,
ಆ ಮೂವತ್ತನ್ನು ಕಣ್ಣಲ್ಲೇ ನಡೆದ.
ಮರಿಗಳು ಅಲ್ಲೇ ಓಡಾಡಿದವು, ಅಡಿಗೆಮನೆಯ ಕಡೆ,
ಅಮ್ಮ ಬೂದಿ ಚೆಲ್ಲುತ್ತಿದ್ದ ಕಡೆ.
ಒಂದು ಮರಿಯನ್ನು ಗಲ್ ಎತ್ತಿಕೊಂಡು ಹೋಯಿತು.
ಅದಕ್ಕೂ ಹಗ್ಗ ದಾಟಲಿಲ್ಲ.

ಸೆಪ್ಟೆಂಬರಿನಲ್ಲಿ ಕೊನೆಯ ಹಕ್ಕಿ ಹೋಯಿತು.
ಮೊಣಕೈಗೆ ಹಗ್ಗ ಸುತ್ತುತ್ತ ಸುತ್ತುತ್ತ
ಗೂಟದಿಂದ ಗೂಟಕ್ಕೆ ಹೋಗುವಷ್ಟರಲ್ಲಿ
ಮಧ್ಯಾಹ್ನದ ದೋಣಿ ಬಂದಿತ್ತು.
ಬೂಟು ಕಳಚಿ ಎಣಿಸುತ್ತ ನಡೆದ: ಇಪ್ಪತ್ತಾರು, ಇಪ್ಪತ್ತೇಳು.
ಮೂವತ್ತಕ್ಕೆ ಒಂದು ಚಾಪೆ ಸಿಕ್ಕಿತು.
ಚಾಪೆಯ ಮೇಲೆ ಬೇಯಿಸಿದ ಏಡಿ, ಜೋಳದ ತೆನೆ,
ಯಾವೂರಿನವರೋ, ಅಜ್ಜಿಯೂ ಸೇರಿ ಏಳು ಜನ,
ಬೆರಳ ತುದಿಗಳೆಲ್ಲ ಕೆಂಪು.
"ಬನ್ನಿ, ಜಾಗ ಇದೆ," ಎಂದಳು ಅಜ್ಜಿ,
ಅವನ ಮನೆಯೊಳಗೆ ಅವನನ್ನು ಕರೆಯುತ್ತ.

ಎವಾರಿಸ್ಟ್ ಟೋಪಿ ತೆಗೆದ.
"ಹುಲ್ಲಿನ ಮೇಲೆ ಮಾತ್ರ ಕೂರಬೇಡಿ," ಎಂದ.
ಅವರು ಸ್ವಲ್ಪ ಸರಿದುಕೊಂಡರು.
ಅವನು ಕೂತ.